ಕಾಲುವೆ ಕಡೆಗೆ ಹೊರಟ ಹಿಪ್-ಹಾಪ್

ಆ ಹಿಪ್-ಹಾಪ್ ಕ್ಯಾಸೆಟ್ ಬಂದದ್ದು ಹಂಪಿ ಬಜಾರಿನಿಂದ. ಯಾರೋ ವಿದೇಶಿ ಹುಡುಗ ಅದನ್ನು ಚಹಾದಂಗಡಿಯವನಿಗೆ ಕೊಟ್ಟುಹೋಗಿದ್ದ. ಕೇಳಿ ತಲೆನೋವು ಬಂದದ್ದಕ್ಕೆ ಅವನು ನನ್ನ ಗೆಳೆಯನಿಗೆ ದಾಟಿಸಿದ. ಆಗ ನಾವಿಬ್ಬರೂ ಹೊಸಪೇಟೆಯಲ್ಲಿ ಬಿ.ಎ. ಓದುತ್ತಿದ್ದೆವು. ಗೆಳೆಯ ಅದನ್ನು ಕಂಪ್ಲಿಯ ತನ್ನ ಸೋದರಮಾವನಿಗೆ ಕೇಳಿಸಿದ. ಮಾವ ಹಲಗೆ ಬಾರಿಸುವವರು, ಗೀಗಿ ಪದ ಹಾಡುವವರು.

"ಇದು ಹಾಡಲ್ಲಲೇ, ನಳದ ಮುಂದಿನ ಜಗಳ," ಎಂದರು. ಸ್ವಲ್ಪ ಹೊತ್ತಿಗೆ ಅವರ ಬೆರಳು ಹಲಗೆಯ ಮೇಲೆ ಆಡತೊಡಗಿದವು. "ತಾಳ ಮಾತ್ರ ಭಾಳ ಚಲೋ ಐತಿ."

ಹಾಗೆ ಹುಟ್ಟಿತು ನಮ್ಮ ಮೇಳ. ಮಾವನ ಹಲಗೆ, ಟೇಪ್ ರೆಕಾರ್ಡರಿನ ಧಡಧಡ, ಗೆಳೆಯನ ಬಾಯಿ. ಗೀಗಿ ಪದಗಳ ಸವಾಲು-ಜವಾಬನ್ನು ಅವನು ಕಣ್ಣು ಮುಚ್ಚಿ, ಉಸಿರು ಬಿಡದೆ ಒದರುತ್ತಿದ್ದ. ನಾನು ವೈರು ಹೊರುವವನು.

ಮೊದಲ ಕಾರ್ಯಕ್ರಮ ಕಂಪ್ಲಿ ಹತ್ತಿರದ ರೈತರೊಬ್ಬರ ಹೊಸ ಟ್ರಾಕ್ಟರಿನ ಪೂಜೆಗೆ. ಕಾಲುವೆ ದಂಡೆಯ ಮೇಲಿದ್ದ ನಾಲ್ಕು ಗಾಲಿಯ ಟ್ರಾಲಿಯೇ ವೇದಿಕೆ. ಗೀರು ಬಿದ್ದೀತೆಂದು ಯಜಮಾನರು ಟ್ರಾಕ್ಟರನ್ನು ಬಿಚ್ಚಿ ದೂರ ನಿಲ್ಲಿಸಿ, ಟ್ರಾಲಿಯ ಗಾಲಿಗಳಿಗೆ ಕಲ್ಲು ಕೊಟ್ಟಿದ್ದರು. ಕಾಲುವೆ ತುಂಬಿ ಓಡುತ್ತಿತ್ತು. ಗೆಳೆಯನಿಗೆ ಈಜು ಬರುತ್ತಿರಲಿಲ್ಲ.

ನೀರಿನ ಗಾಳಿಗೆ ಹಲಗೆಯ ಚರ್ಮ ಮೆತ್ತಗಾಗಿತ್ತು. ಬೆಂಕಿಗೆ ಹಿಡಿದು ಬಿಗಿ ಮಾಡಿಕೊಳ್ಳದೆ ಹಲಗೆ ನುಡಿಯುವುದಿಲ್ಲ. ಮಾವ ಟ್ರಾಲಿಯ ಹಿಂದೆ ಒಲೆ ಹೂಡಿದರು. ಒಂದೇ ಅಳತೆಯ ಅಷ್ಟು ಚಂದದ ಕಲ್ಲುಗಳು ಎಲ್ಲಿ ಸಿಕ್ಕವೆಂದು ಯಾರೂ ಕೇಳಲಿಲ್ಲ.

ಹಾಡು ಏರಿತು. ಗೆಳೆಯ ಟ್ರಾಲಿಯ ಮೇಲೆ ಕುಣಿದು ಕುಣಿದು ಕಾಲು ಬಡಿದ. ಕೆಳಗೆ ನಿಂತಿದ್ದ ನನ್ನ ಕೈಯಲ್ಲಿನ ವೈರು ಮೆಲ್ಲಗೆ ಜಗ್ಗಿತು. ನೋಡಿದರೆ ವೇದಿಕೆ ಕಾಲುವೆ ಕಡೆಗೆ ಹೊರಟಿತ್ತು.

ಮಾವ ಹಲಗೆ ಬಿಸಾಕಿ ಒಲೆಗೆ ಓಡಿದರು. ಕಾದ ಕಲ್ಲನ್ನು ಎತ್ತಿದ ವೇಗದಲ್ಲೇ ಬಿಟ್ಟು, ಕೈ ಜಾಡಿಸುತ್ತ ಸುತ್ತು ಹೊಡೆದರು. ಅದೂ ಕುಣಿತವೆಂದು ಜನ ಚಪ್ಪಾಳೆ ತಟ್ಟಿದರು.

"ಇಳಿಯಲೇ," ಎಂದು ಕೂಗಿದೆ. ಗೆಳೆಯ ಕಣ್ಣು ತೆರೆಯದೆ, "ಇಳಿಯಲೇ, ಇಳಿಯಲೇ," ಎಂದು ಪದಕ್ಕೆ ಸೇರಿಸಿಕೊಂಡ. ಜನವೂ ದನಿಗೂಡಿಸಿದರು.

ಪಕ್ಕದಲ್ಲೇ ಭತ್ತದ ಚೀಲದ ಮೇಲೆ ಒಬ್ಬ ಮುದುಕಿ ಕುಳಿತಿದ್ದಳು. ನಾನು ಅವಳತ್ತ ಓಡಿದೆ.

"ಯವ್ವಾ, ಜಲ್ದಿ ಏಳ್ರಿ."

"ಯಾಕಪ್ಪಾ? ನಾ ಮೊದ್ಲ ಬಂದು ಕುಂತೀನಿ."

"ಟ್ರಾಲಿ ಹೊಂಟೈತಿ."

"ಹೋಗ್ಲಿ ಬಿಡು, ಮತ್ತ ಬರತೈತಿ."

ಮಾವ ಒಂದು ಕಡೆ, ನಾನು ಒಂದು ಕಡೆ ಹಿಡಿದು ಚೀಲವನ್ನು ಗಾಲಿಗೆ ಅಡ್ಡ ಎಳೆದೆವು. ಮುದುಕಿ ಜಾರಿ ನೆಲಕ್ಕೆ ಕುಳಿತು ನಮ್ಮ ವಂಶವನ್ನೆಲ್ಲ ನೆನೆದಳು. ಚೀಲ ಮುಂದಿನ ಗಾಲಿಗೆ ಸಿಕ್ಕು ಒಡೆಯಿತು. ಗಾಲಿ ಭತ್ತದಲ್ಲಿ ಹೂತು ನಿಂತಿತು. ಈಗಲೂ ಆ ದೃಶ್ಯ ಇದ್ದಕ್ಕಿದ್ದಂತೆ ಕಣ್ಣಮುಂದೆ ನಡೆಯುತ್ತದೆ. ಕೆಲವು ಸಲ ಚೀಲ ತಡವಾಗಿ ಬರುತ್ತದೆ.

"ಬೀಜದ ಭತ್ತರೀ ಅದು," ಎಂದು ಯಜಮಾನರು ಓಡಿಬಂದರು.

ಗೆಳೆಯ ಕಣ್ಣು ತೆರೆದ. ಕಾಲ ಕೆಳಗೆ ನೀರು. ಮೆಲ್ಲಗೆ ಕುಳಿತುಕೊಂಡು, "ಮಾವ, ಎಲ್ಲಿಗೆ ಬಂದೀವಿ?" ಎಂದ.

ಮಾವ ಅಂಗೈ ಊದಿಕೊಳ್ಳುತ್ತ, "ಇನ್ನೊಂದು ನುಡಿ ಹಾಡಿದ್ರ ಆ ದಂಡಿ ಸೇರತಿದ್ದಿ," ಎಂದರು.

ಜನ ಮಾತ್ರ "ವನ್ಸ್ ಮೋರ್" ಎನ್ನುತ್ತಿದ್ದರು.

ಮುಂದಿನ ವಾರ ಯಶವಂತನಗರದಿಂದ ಒಬ್ಬರು ಕರೆಯಲು ಬಂದರು. "ಆ ಟ್ರಾಲಿ ಓಡೋದು ಇರ್ಲೇಬೇಕ್ರಿ," ಎಂದರು. "ನಮ್ಮಲ್ಲಿ ಕಾಲುವಿ ಇಲ್ಲ. ಗುಡ್ಡ ಐತಿ, ನಡೀತೈತೇನು?"

ಗೆಳೆಯ ಹೋದ. ನೆಲದ ಮೇಲೇ ನಿಂತು ಹಾಡಿದ. ಅರ್ಧಕ್ಕೇ ಜನ ಎದ್ದುಹೋದರು.