ಒಳಗೆ ಬಾ ಎಂದು ಕರೆದವರು

ಮೊನ್ನೆ ಸೊಸೆ ಹಾಲಿಲ್ಲದ ಚಹಾ ತಂದಿಟ್ಟಳು. ಆರೋಗ್ಯಕ್ಕೆ ಒಳ್ಳೆಯದಂತೆ. ಆ ಒಗರು ವಾಸನೆಗೆ ನನಗೆ ಕಂಕನಾಡಿಯ ಲಿಲ್ಲಿ ಟೀಚರ್ ಜಗಲಿ ನೆನಪಾಯಿತು.

ಎಪ್ಪತ್ತರ ದಶಕದ ಕೊನೆಗೆ ನಾವು ಅವರ ಪಕ್ಕದ ಮನೆಯಲ್ಲಿದ್ದೆವು. ಕೊಂಕಣಿ ಮನೆಮಾತಿನ ಕ್ರಿಶ್ಚಿಯನ್ ಹೆಂಗಸು, ಒಂಟಿ, ಇಂಗ್ಲಿಷ್ ಪಾಠ ಮಾಡುವವರು. ಹುಚ್ಚು ಮಾತ್ರ ಚೀನಾದ ಪುರಾತನ ಕವಿತೆಗಳದ್ದು. ಜಗಲಿಯಲ್ಲಿ ಕೂರಿಸಿ, ಹಾಲಿಲ್ಲದ ಚಹಾ ಕೊಟ್ಟು, ಇಂಗ್ಲಿಷಿನಲ್ಲಿ ಓದಿದ್ದನ್ನು ನಮಗೆ ಕನ್ನಡದಲ್ಲಿ ಹೇಳುವರು. ಆ ಕವಿತೆಗಳಲ್ಲಿ ಸತ್ತವರು ಬಿಳಿ ಕೊಕ್ಕರೆಯ ಬೆನ್ನೇರಿ ಪಡುವಣ ಬೆಟ್ಟಕ್ಕೆ ಹೋಗುತ್ತಾರೆ, ಇಲ್ಲವೇ ನೆಲದಡಿಯ ಹಳದಿ ಬುಗ್ಗೆಗೆ ಇಳಿಯುತ್ತಾರೆ. ನಾನು ಕಾಲೇಜು ಹುಡುಗಿ. ನಗಬೇಡಿ, ಅರ್ಥವಾಗದ್ದಕ್ಕೂ ಗಂಭೀರವಾಗಿ ತಲೆಯಾಡಿಸುವ ವಿದ್ಯೆ ಆಗಲೇ ನನಗೆ ಸಿದ್ಧಿಸಿತ್ತು.

ಒಂದು ಮಳೆಗಾಲದಲ್ಲಿ ನನ್ನ ಅಣ್ಣ ಜಗ್ಗ ಕೆಲಸಕ್ಕಿದ್ದ ಹಡಗು ಮುಳುಗಿತು. ಹೆಣ ಸಿಗಲಿಲ್ಲ. ಉತ್ತರಕ್ರಿಯೆಗೆ ಅಮ್ಮನ ಅಣ್ಣ, ನಮ್ಮ ದೊಡ್ಡಮಾವ, ಒಪ್ಪಲಿಲ್ಲ. "ಕಾಣೆಯಾದವನಿಗೆ ಹನ್ನೆರಡು ವರ್ಷ ಕಾಯಬೇಕು. ಕ್ರಮ ಅಂತ ಒಂದು ಉಂಟಲ್ಲ, ಮಾರಾಯ್ತಿ!" ಅಮ್ಮ ಮಾತು ಬಿಟ್ಟರು. ಬಾಗಿಲಿಗೆ ಚಿಲಕ ಹಾಕುವುದನ್ನೂ ಬಿಟ್ಟರು.

ಒಂದು ಸಂಜೆ ಟೀಚರ್ ಬಂದು ಅಮ್ಮನ ಪಕ್ಕ ಕೂತರು. "ಚೀನಾದಲ್ಲಿ ಹಿಂದೆ ಸತ್ತವರ ಅಂಗಿ ಹಿಡಿದು ಮನೆಯ ಮಾಡಿನ ಮೇಲೆ ಹತ್ತಿ ಹೆಸರು ಕೂಗ್ತಿದ್ದರಂತೆ, ವಾಪಸು ಬಾ ಅಂತ. ಅದರ ಮೇಲೇ ಕವಿತೆ ಉಂಟು."

ಅಮ್ಮ ತಲೆಯೆತ್ತಿದರು. "ಹೆಣ ಇಲ್ಲದಿದ್ರೂ ಕರೀತಾರಾ?"

"ಕರೆಯುವುದು ಹೆಣವನ್ನಲ್ಲವಲ್ಲ ಅಕ್ಕ."

"ನಮ್ಮಲ್ಲೂ ಸತ್ತವರನ್ನು ಒಳಗೆ ಕರೆಯುವುದು ಉಂಟು," ಎಂದ ಅಮ್ಮ ಎದ್ದು ನಿಂತರು. "ಹನ್ನೆರಡು ವರ್ಷ ನನ್ನ ಮಗ ಹೊರಗೆ ನಿಲ್ಲಬೇಕಾ? ಆಗುವುದಿಲ್ಲ."

ದೊಡ್ಡಮಾವ ಬರುವುದಿಲ್ಲವೆಂದರು. "ಬೇಡ," ಎಂದರು ಅಮ್ಮ. ಆದಿತ್ಯವಾರ ಬಾಳೆಲೆಯಲ್ಲಿ ಅನ್ನ, ಬಂಗುಡೆ ಮೀನಿನ ಸಾರು ಬಡಿಸಿಟ್ಟು, ಅಣ್ಣನ ನೀಲಿ ಅಂಗಿ ತೋಳಿಗೆ ಹಾಕಿಕೊಂಡು ಮೆಟ್ಟಿಲಿಗೆ ಇಳಿದರು. "ಜಗ್ಗಾ, ಉಳಾಯಿ ಬಲ ಮಗಾ." ನಮ್ಮ ತುಳುವಿನಲ್ಲಿ, ಒಳಗೆ ಬಾ ಮಗನೇ. ಮತ್ತೊಮ್ಮೆ ಕರೆಯಹೋದಾಗ ಸ್ವರ ಏಳಲಿಲ್ಲ. ಆಗ ಕಂಪೌಂಡಿನಾಚೆ ಜಪಮಾಲೆ ಹಿಡಿದು ನಿಂತಿದ್ದ ಟೀಚರ್ ತಮ್ಮ ಕೊಂಕಣಿಯಲ್ಲಿ ಗಟ್ಟಿಯಾಗಿ ಕೂಗಿದರು: "ಜಗ್ಗಾ, ಭಿತರ್ ಯೇ!" ನಾನೂ ಕೂಗಿದೆ. ಅಂದು ಅಮ್ಮ ಬಾಗಿಲಿಗೆ ಚಿಲಕ ಹಾಕಿ ಮಲಗಿದರು. ದೊಡ್ಡಮಾವ ಬಹಳ ಕಾಲ ನಮ್ಮ ಮನೆಗೆ ಬರಲಿಲ್ಲ. ಅಮ್ಮ ಅದಕ್ಕೆ ಒಂದು ದಿನವೂ ಮರುಗಲಿಲ್ಲ.

ಕಳೆದ ತಿಂಗಳು ಟೀಚರ್ ಮುಂಬೈಯ ತಂಗಿಯ ಮನೆಯಲ್ಲಿ ತೀರಿಕೊಂಡರು, ಅಲ್ಲೇ ಮಣ್ಣಾದರು. ನನಗೆ ಸುದ್ದಿ ತಲುಪಿದ್ದೇ ತಡವಾಗಿ.

"ಈ ಆದಿತ್ಯವಾರ ಟೀಚರಿಗೆ ಒಂದು ಎಲೆ ಹಾಕಬೇಕು," ಎಂದೆ ಸೊಸೆಗೆ.

"ಅವರು ಕ್ರಿಶ್ಚಿಯನ್ ಅಲ್ವಾ ಅತ್ತೆ? ಜನ ಎಂತ ಹೇಳಿಯಾರು?"

"ಹೇಳಲಿ. ನಾನು ಕರೆಯುತ್ತೇನೆ."

ಅವಳು ನನ್ನ ಚಹಾ ಲೋಟ ಎತ್ತಿಕೊಂಡಳು. ಆಮೇಲೆ ಕೇಳಿದಳು: "ಯಾವ ಮೀನು ಇಷ್ಟ ಅವರಿಗೆ?"