ಚಿಕ್ಕವ್ವನ ಮಾತು ತಿದ್ದಿದವರು

ನಿಡಘಟ್ಟದಲ್ಲಿ ನಾನು ಬಸ್ಸಿಳಿದಾಗ ಚಿಕ್ಕವ್ವ ನಿಂಗಮ್ಮ ಆಗಲೇ ರಸ್ತೆಬದಿಗೆ ಬಂದು ನಿಂತಿದ್ದಳು. ಹೊಸ ಹೆದ್ದಾರಿಯ ಬಸ್ಸುಗಳು ಅಲ್ಲಿ ನಿಲ್ಲುವುದಿಲ್ಲ. ಬೆಂಗಳೂರಿನಿಂದ ಹಳೇ ರಸ್ತೆಯ ಬಸ್ಸಿನಲ್ಲೇ ಬಂದಿದ್ದೆ. ಮಳವಳ್ಳಿಯ ಸಾಹಿತ್ಯ ಸಮಾರಂಭದಲ್ಲಿ ಇಬ್ಬರು ಲೇಖಕರು ತಮ್ಮ ಬರವಣಿಗೆ ಬೆಳೆದ ಬಗೆಯನ್ನು ಹೇಳಬೇಕಿತ್ತು. ಒಬ್ಬಳು ನಾನು. ಇನ್ನೊಬ್ಬರು ಅದೇ ಸೀಮೆಯಲ್ಲಿ ಹುಟ್ಟಿ ನಾಡಿಗೆಲ್ಲ ಹೆಸರಾದ ಹಿರಿಯ ಕಾದಂಬರಿಕಾರರು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಚಿಕ್ಕವ್ವ. ನನ್ನ ಕಥೆಗಳಲ್ಲಿ ಬೈಯುವವರು, ಗೋಳಾಡುವವರು ಎಲ್ಲರೂ ಅವಳ ಮಾತನ್ನೇ ಆಡುತ್ತಾರೆ. ಅವಳನ್ನು ಬಿಟ್ಟು ಹೋಗಲು ಮನಸ್ಸು ಬರಲಿಲ್ಲ.

ಮದ್ದೂರಿನಲ್ಲಿ ಇಡ್ಲಿ ತಿಂದು ಮಳವಳ್ಳಿ ಬಸ್ಸು ಹತ್ತಿದೆವು. ಹೆಂಗಸರಿಗೆ ಟಿಕೆಟ್ ಉಚಿತ, ಆದರೆ ಸೀಟಿಲ್ಲ. ಕೆ.ಎಂ. ದೊಡ್ಡಿಯವರೆಗೆ ನಿಂತೇ ಹೋದೆವು. ಕಬ್ಬು ತುಂಬಿದ ಟ್ರಾಕ್ಟರುಗಳ ಹಿಂದೆ ಬಸ್ಸು ತೆವಳಿತು. ಬಿಸಿಲು ಆಗಲೇ ಏರಿತ್ತು.

ಸಭಾಂಗಣದ ಬಾಗಿಲಲ್ಲೇ ಸ್ಮರಣ ಸಂಚಿಕೆ ಕೈಗಿತ್ತರು. ನಾನು ಮೊದಲೇ ಬರೆದು ಕಳಿಸಿದ್ದ ಭಾಷಣ ಅದರಲ್ಲಿತ್ತು. ಚಿಕ್ಕವ್ವ ಕನ್ನಡಕ ಹಾಕಿಕೊಂಡು ಅಕ್ಷರದ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದಳು.

"ಇದ್ಯಾರು ಮಾತಾಡ್ತಿರೋದು?"

"ನೀನೇ ಕಣವ್ವ. ನಾನು ಸ್ಕೂಲು ಬುಡ್ತೀನಿ ಅಂದಾಗ ಬೈದ್ಯಲ್ಲ, ಅದು."

"ನಾನಲ್ಲ ಬುಡು. ನಾನ್ಯಾವತ್ತು ಇಂಗೆ ಮಾತಾಡಿದ್ದೆ?"

ಕಿತ್ತುಕೊಂಡು ನೋಡಿದೆ. ನಾನು ಬರೆದದ್ದು: "ಓದು ಬುಟ್ಟು ಯಾರ್ ಮನೆ ಮುಸುರೆ ತಿಕ್ಕಕ್ಕೆ ಓಯ್ತೀಯೇ?" ಅಚ್ಚಾದದ್ದು: "ವಿದ್ಯಾಭ್ಯಾಸವನ್ನು ತೊರೆದು ಯಾರ ಮನೆಯ ಪಾತ್ರೆಗಳನ್ನು ತೊಳೆಯಲು ಹೋಗುವೆ?"

ನನಗೆ ಮೈ ಉರಿಯಿತು. ಸಂಚಿಕೆಯ ಸಂಪಾದಕರನ್ನು ಕೇಳಿದೆ. "ತುಂಬ ತಪ್ಪುಗಳಿದ್ದವು ಮೇಡಂ, ತಿದ್ದಿದೆವು" ಎಂದರು, ಉಪಕಾರ ಮಾಡಿದವರ ಹಾಗೆ. ಪಕ್ಕದಲ್ಲೇ ಕೂತಿದ್ದ ಆ ಹಿರಿಯ ಕಾದಂಬರಿಕಾರರು, "ಒಳ್ಳೇದೇ ಮಾಡಿದ್ದಾರಮ್ಮ. ನಮ್ಮವ್ವನ ಮಾತನ್ನು ನಾನೂ ತಿದ್ದಿಯೇ ಬರೆದೆ. ಇಲ್ಲದಿದ್ದರೆ ಧಾರವಾಡದವರು ನನ್ನನ್ನು ಓದುತ್ತಿದ್ದರೇ?" ಎಂದರು.

ವೇದಿಕೆಯಲ್ಲೂ ಅವರು ಅದೇ ಧಾಟಿಯಲ್ಲಿ ಮಾತಾಡಿದರು. ತಮ್ಮನ್ನು ಬೆಳೆಸಿದ್ದು ಹೊರದೇಶದ ಕಾದಂಬರಿಗಳಂತೆ. ಮನೆಯಲ್ಲಿ ಕಲಿಯುವಂಥದ್ದು ಏನೂ ಇರಲಿಲ್ಲವಂತೆ. ಅವರವ್ವ ಬಾಳಿ ಮಣ್ಣಾದ ಊರು ಅಲ್ಲೇ ಪಕ್ಕದಲ್ಲಿ. ಚಪ್ಪಾಳೆ ಜೋರಾಗಿ ಬಿತ್ತು.

ನನ್ನ ಸರದಿ ಬಂದಾಗ, ಸಂಚಿಕೆಯಲ್ಲಿರುವುದು ನನ್ನ ಬರಹವಲ್ಲ ಎಂದೆ. ಚಿಕ್ಕವ್ವನ ಬೈಗುಳವನ್ನು ಅವಳು ಬೈದ ಹಾಗೆಯೇ ಹೇಳಿದೆ. ಸಭೆ ಗೊಳ್ಳೆಂದು ನಕ್ಕಿತು. ಈ ಮಾತು ಕೇಳಿದರೆ ನಗಬೇಕೆಂದು ಸಿನಿಮಾದವರು ಕಲಿಸಿಬಿಟ್ಟಿದ್ದಾರೆ. ಆದರೆ ಇಲ್ಲಿ ನಕ್ಕವರು ದಿನವೂ ಅದನ್ನೇ ಆಡುವ ಜನ. ನಗು ನಿಲ್ಲುವವರೆಗೂ ಕಾದೆ.

"ಇದು ತಮಾಷೆಯಲ್ಲ. ಅವತ್ತು ಇವಳು ಬೇರೆಯವರ ಮನೆಯ ಮುಸುರೆ ತಿಕ್ಕಿ ಬಂದಿದ್ದಳು. ಅಳುತ್ತಾ ಅಂದ ಮಾತು ಇದು. ನೀವು ತಿದ್ದಿದ ವಾಕ್ಯದಲ್ಲಿ ಯಾರಾದರೂ ಅಳುವುದಕ್ಕಾಗುತ್ತದೆಯೇ?"

ಹಿರಿಯರು ಗಡಿಯಾರ ನೋಡಿಕೊಂಡರು. ವೇದಿಕೆ ಇಳಿದು, ಇನ್ನು ಹಂಚುವ ಪ್ರತಿಗಳಿಂದ ನನ್ನ ಪುಟಗಳನ್ನು ತೆಗೆಯಿರಿ ಎಂದು ಸಂಪಾದಕರಿಗೆ ಹೇಳಿದರೆ, "ನೋಡೋಣ ಮೇಡಂ, ಮೊದಲು ಊಟ ಮಾಡಿ" ಎಂದರು.

"ಇವರ ಅನ್ನ ಬ್ಯಾಡ, ನಡಿ" ಅಂದಳು ಚಿಕ್ಕವ್ವ.

ಮದ್ದೂರಿಗೆ ಬಂದು, ಬಸ್ಸು ಬದಲಿಸಿ, ಶಿಂಷಾ ಸೇತುವೆ ದಾಟಿದೆವು. ಆಮೇಲೆ ಚಿಕ್ಕವ್ವ ಕೇಳಿದಳು:

"ಆವಯ್ಯ ಅವರವ್ವನ ಮಾತ್ನೆಲ್ಲ ತಿದ್ದುದ್ನಂತಲ್ಲ, ಆವಮ್ಮಂಗೆ ಓದಕ್ಕೆ ಬತ್ತಿತ್ತಾ?"

"ಗೊತ್ತಿಲ್ಲ ಕಣವ್ವ."

"ಓದಕ್ಕೆ ಬರ್ದೆ ಇದ್ರೇ ವಾಸಿ" ಅಂದಳು.

ನಿಡಘಟ್ಟ ಬಂತು. ನಾನು ಅದೇ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಬೇಕಿತ್ತು. ಸೆರಗು ಬಿಗಿದುಕೊಂಡು ಇಳಿದವಳು ಹಿಂತಿರುಗಿ ನೋಡದೆ ಊರ ದಾರಿ ಹಿಡಿದಳು.