ನಾಲ್ಕು ಗಂಟೆಯ ಸಂದೇಶ

ವೈರನ್ನು ಇಲಿ ಕಡಿದಿರಬಹುದು. ಕರೆಂಟು ಹೋಗಿ ಬರುವಾಗ ಒಳಗೇನೋ ಸುಟ್ಟಿರಬಹುದು. ಡಿಸ್ಕ್ ತುಂಬಿರಬಹುದು, ವೈರಸ್ ಹೊಕ್ಕಿರಬಹುದು, ಯಾರೋ ಪಾಸ್‌ವರ್ಡ್ ಬದಲಿಸಿರಬಹುದು. ಏನೂ ಇಲ್ಲದಿದ್ದರೆ ನನ್ನ ಗ್ರಹಚಾರವಿರಬಹುದು. ಹೋದ ವಾರ ನಮ್ಮ ಹೊಸೂರಿನ ಸ್ಕ್ಯಾನ್ ಸೆಂಟರಿನ ಸರ್ವರ್ ಸತ್ತಿತು. ಅಂಥ ಹೊತ್ತಿಗೆಂದೇ ಸ್ಕ್ಯಾನುಗಳ ನಕಲು ತೆಗೆದಿಡಲು ಇಟ್ಟಿದ್ದ ಬ್ಯಾಕಪ್ ಯಂತ್ರದಲ್ಲೂ ಏನೂ ಸಿಗಲಿಲ್ಲ. ಅದರ ಮುಚ್ಚಳ ಬಿಚ್ಚಿದೆ. ಒಳಗಿಂದ ಕರ್ಪೂರದ ವಾಸನೆ ಬಂತು. ಮೂರು ವರ್ಷದ ಹಿಂದೆ ಹಚ್ಚಿದ್ದು...

ನನಗಿಂತ ಮುಂಚೆ ಆ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಸಿಸ್ಟಮ್ ಅಣ್ಣ ಎನ್ನುತ್ತಿದ್ದೆವು. ಹತ್ತಿರದ ಉದ್ದನಪಲ್ಲಿ ಊರಿನವರು; ನಾನು ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ. ಬೆಳಗ್ಗೆ ಟೊಮೇಟೊಗೆ ನೀರು ಬಿಟ್ಟು, ಕಾಲಿನ ಮಣ್ಣು ಆರುವ ಮೊದಲೇ ಬಸ್ಸು ಹತ್ತುತ್ತಿದ್ದರು. ನನ್ನ ದಿಗಿಲು ಅವರಿಗೆ ದಿನದ ತಮಾಷೆ.

"ಬಾವಿ ತೋಡೋಕ್ ಮುಂಚೇನೇ ಮುಳುಗೋಗ್ತೀಯಲ್ಲೋ. ಬ್ಯಾಕಪ್ ಆದ್ರೆ ನಿನ್ ಫೋನ್ಗೇ ಸುದ್ದಿ ಬರೋ ಹಂಗ್ ಮಾಡ್ತೀನಿ, ಸುಮ್ಕಿರ್ಲಾ."

ಹಾಗೇ ಮಾಡಿದರು. ಅಂದಿನಿಂದ ದಿನಾ ಸಂಜೆ ನಾಲ್ಕಕ್ಕೆ ಅವರ ಹೆಸರಿನಲ್ಲಿ ಸಂದೇಶ: "ಆಯ್ತು ಕಣ್ಲಾ. ಟೀ ಕುಡ್ಕೋ."

ಅವರ ಕೊನೆಯ ಆಯುಧಪೂಜೆಯ ಹಿಂದಿನ ದಿನ ಇಬ್ಬರೂ ಸೇರಿ ಸರ್ವರಿಗೆ ಹೊಸ ಆವೃತ್ತಿಯ ಸಾಫ್ಟ್‌ವೇರ್ ಹಾಕಿದೆವು. ಬ್ಯಾಕಪ್ ಯಂತ್ರಕ್ಕೂ ಹಾಕಬೇಕಿತ್ತು. ಅಷ್ಟರಲ್ಲಿ ಯಾರೋ ಅದಕ್ಕೆ ಕುಂಕುಮವಿಟ್ಟು ಸೇವಂತಿಗೆ ಮುಡಿಸಿಬಿಟ್ಟಿದ್ದರು.

"ಪೂಜೆಗ್ ಕುಂತಿರೋದನ್ನ ಮುಟ್ಬಾರ್ದು. ಹಬ್ಬ ಮುಗುಸ್ಕಂಡ್ ಬತ್ತೀನಿ," ಎಂದರು.

ಬರಲಿಲ್ಲ. ಹಬ್ಬದ ಮರುದಿನ ಎದೆನೋವು. ಊರಿಗೆ ಹೋಗಿ ಮಣ್ಣು ಹಾಕಿ, ಹೊಸೂರಿನ ಬಸ್ಸಿನಲ್ಲಿ ಕೂತಿದ್ದೆ. ಜೇಬಿನಲ್ಲಿ ಫೋನು ಅದುರಿತು. "ಆಯ್ತು ಕಣ್ಲಾ. ಟೀ ಕುಡ್ಕೋ." ನನ್ನ ಉಗುರಿನ ಸಂದಿಯಲ್ಲಿ ಅವರ ಗುಂಡಿಯ ಮಣ್ಣು ಇನ್ನೂ ಹಸಿಯಾಗಿತ್ತು.

ಯಂತ್ರದ ಕೆಲಸ, ಗೊತ್ತು. ಆದರೂ ಕೆಲವು ದಿನ "ಕುಡಿದೆ ಅಣ್ಣ" ಎಂದು ಉತ್ತರ ಬರೆಯುತ್ತಿದ್ದೆ. ಒಮ್ಮೆ ಇಡೀ ಮಧ್ಯಾಹ್ನ ಕರೆಂಟಿಲ್ಲದೆ ಎಲ್ಲಾ ಯಂತ್ರಗಳೂ ಸುಮ್ಮನಾಗಿದ್ದವು. ಅಂದೂ ನಾಲ್ಕಕ್ಕೆ ಬಂತು... ಹೇಗೆಂದು ನಾನು ಯಾರನ್ನೂ ಕೇಳಲಿಲ್ಲ. ಬೀಗ ಹಾಕಿದ ಬಾಗಿಲನ್ನು ಮೂರು ಸಲ ಎಳೆದು ನೋಡುವ ನಾನು, ಪರೀಕ್ಷಿಸದೆ ನಂಬಿದ್ದು ಆ ಒಂದು ಮಾತನ್ನೇ.

ಹೋದ ವಾರ, ಸರ್ವರ್ ಸತ್ತ ದಿನ, ರಾಯಕೋಟೆಯ ಹೆಂಗಸೊಬ್ಬರು ಬೆಂಚಿನ ಮೇಲೆ ಕಾಯುತ್ತಿದ್ದರು. ಹೊಟ್ಟೆಯ ಗಡ್ಡೆ ಬೆಳೆದಿದೆಯೇ ಎಂದು ತಿಳಿಯಲು ಡಾಕ್ಟರಿಗೆ ಹೋದ ವರ್ಷದ ಸ್ಕ್ಯಾನ್ ಬೇಕಿತ್ತು; ಆಪರೇಷನ್ನಿನ ತೀರ್ಮಾನ ಅದರ ಮೇಲೆ. ಬ್ಯಾಕಪ್ಪಿನಲ್ಲಿ ಆ ಹಬ್ಬದಿಂದೀಚೆಗೆ ದಿನಕ್ಕೊಂದು ಫೈಲು, ಎಲ್ಲವೂ ಖಾಲಿ. ಹೊಸ ಆವೃತ್ತಿಯ ಸರ್ವರ್ ಕೊಟ್ಟಿದ್ದನ್ನು ಬ್ಯಾಕಪ್ ಯಂತ್ರದ ಹಳೆಯ ಸಾಫ್ಟ್‌ವೇರ್ ಓದಲಾರದೆ, ಬರಿಗೈಯಲ್ಲೇ ಕೆಲಸ ಮುಗಿಸಿ "ಆಯ್ತು" ಎನ್ನುತ್ತಿತ್ತು.

"ಸಿಗಲಿಲ್ಲಮ್ಮ," ಎಂದೆ.

"ಐತೆ ಬಾ ಅಂದಿದ್ಯಲ್ಲಪ್ಪಾ," ಎಂದರು. ಬೈದಿದ್ದರೆ ಚೆನ್ನಾಗಿತ್ತು. ಈಗ ಹೊಸದಾಗಿ ಸ್ಕ್ಯಾನ್ ತೆಗೆದು, ಮೂರು ತಿಂಗಳು ಕಾದು, ಮತ್ತೆ ತೆಗೆದು ಹೋಲಿಸಬೇಕಂತೆ. ಆ ಮೂರು ತಿಂಗಳು ಗಡ್ಡೆಯೂ ಕಾಯಬೇಕಲ್ಲ.

ಅಂದೇ ಹೊಸ ಆವೃತ್ತಿ ಹಾಕಿದೆ. ಹಳೆಯದರ ಜೊತೆ ಅಣ್ಣನ ಸಂದೇಶವೂ ಹೋಯಿತು. ಈಗ ನಾಲ್ಕು ಗಂಟೆ ಸದ್ದಿಲ್ಲದೆ ದಾಟಿಹೋಗುತ್ತದೆ.

ಬ್ಯಾಕಪ್ ಯಂತ್ರದಲ್ಲಿ ಕೆಟ್ಟಿದ್ದೇನೂ ಇರಲಿಲ್ಲ. ಮೂರು ವರ್ಷ ಪ್ರತಿ ಬೆಳಗ್ಗೆ ಅದು ನನ್ನನ್ನು ಕೇಳಿತ್ತು: ಆವೃತ್ತಿಗಳು ಹೊಂದುತ್ತಿಲ್ಲ, ಈಗ ಬದಲಿಸಲೇ? ಬದಲಿಸಿದರೆ ಅವರ ಮಾತು ಅಳಿಯುತ್ತದೆಂದು ನನಗೆ ಗೊತ್ತಿತ್ತು. ಪ್ರತಿ ಬೆಳಗ್ಗೆ 'ಆಮೇಲೆ' ಎಂಬುದನ್ನು ಒತ್ತಿದ್ದೆ.